ಓದುಗರ ಪ್ರಶ್ನೋತ್ತರ: ಹಳೆಯ ಮೋಟಾರು, ಹಳೆಯ ಸಡಕು

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಪಕ್ಕದಲ್ಲಿ ಇನ್ನೂ ಉಳಿದಿರುವ ಹಳೆಯ ದಾರಿಯ ತುಣುಕುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಚಿಕ್ಕ ಬರಹ ಪ್ರಕಟವಾಗಿತ್ತು. ಮೋಟಾರು ಪಂದ್ಯಗಳ ಆರಂಭಕಾಲದ ಇತಿಹಾಸವನ್ನು ಹೊರದೇಶಗಳಲ್ಲಿ ಊರಿನ ಆಸಕ್ತರೇ ಮುಂದೆ ನಿಂತು ಉಳಿಸಿಕೊಂಡಿರುವುದನ್ನು ಅದರಲ್ಲಿ ಎರಡು ಸಾಲಿನಲ್ಲಿ ಪ್ರಸ್ತಾಪಿಸಿದ್ದೆವು. ಅದನ್ನು ಓದಿ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಗೆ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಮೀಸಲಿಡಲಾಗಿದೆ.

ಪ್ರಶ್ನೆ: ನಾವು ಕೆಲವು ಗೆಳೆಯರು ನಮ್ಮ ಭಾಗದ ಹಳೆಯ ರಸ್ತೆ, ಹಳೆಯ ಮೋಟಾರುಗಳಿಗೆ ಸಂಬಂಧಿಸಿದ ಫೋಟೊ, ಕಾಗದಪತ್ರಗಳನ್ನು ಕೂಡಿಸುತ್ತಿದ್ದೇವೆ. ‘ಕಾರ್ ರೇಸು ಪ್ಯಾರಿಸ್, ಲಂಡನ್ನಿನವರ ಆಟ, ನಮ್ಮ ಎರೆಮಣ್ಣಿನ ಸಡಕಿಗೂ ಅದಕ್ಕೂ ಏನು ಸಂಬಂಧ?’ ಎಂದು ಕೇಳುವವರಿಗೆ ಏನು ಉತ್ತರ ಹೇಳಬೇಕು?
— ನಿವೃತ್ತ ಶಿಕ್ಷಕರು, ಹುಮನಾಬಾದ್

ಉತ್ತರ: ಸಂಬಂಧ ಇದೆ, ಮತ್ತು ಅದು ಇರುವುದು ಧೂಳಿನಲ್ಲಿ. ಮೊದಮೊದಲ ಮೋಟಾರು ಪಂದ್ಯಗಳು ನಡೆದದ್ದು ಪಂದ್ಯಕ್ಕೆಂದೇ ಕಟ್ಟಿದ ಅಂಗಳದಲ್ಲಲ್ಲ. ಕುದುರೆಗಾಡಿ, ದನಕರು, ಸಂತೆಗೆ ಹೊರಟ ಜನ ಎಲ್ಲರೂ ಓಡಾಡುವ ಊರಿಂದೂರಿನ ದಾರಿಗಳಲ್ಲಿ. 1894ರ ಜುಲೈ 22ರಂದು ಫ್ರಾನ್ಸಿನ ‘ಲ ಪೆತಿ ಜುರ್ನಾಲ್’ ಪತ್ರಿಕೆಯವರು ಪ್ಯಾರಿಸ್‌ನಿಂದ ರೂವಾನ್ ನಗರದವರೆಗೆ, ಸುಮಾರು 126 ಕಿ.ಮೀ. ದೂರಕ್ಕೆ ಏರ್ಪಡಿಸಿದ ಓಟವನ್ನು ಈ ಇತಿಹಾಸದ ಮೊದಲ ಹೆಜ್ಜೆಯೆಂದು ಎಣಿಸುತ್ತಾರೆ. ಅಲ್ಲಿ ಮೊದಲು ಗುರಿ ಮುಟ್ಟಿದ್ದು ಕೌಂಟ್ ದ ದಿಯೋನ್ ಅವರ ಹಬೆಗಾಡಿಯಾದರೂ, ಅದರ ಒಲೆಗೆ ಉರುವಲು ಹಾಕಲು ಬೇರೆಯೊಬ್ಬ ಆಳು ಬೇಕಾಗುತ್ತಿದ್ದ ಕಾರಣ ಮೊದಲ ಬಹುಮಾನವನ್ನು ಪೆಟ್ರೋಲಿನಿಂದ ಓಡುವ ಗಾಡಿಗಳನ್ನು ತಂದಿದ್ದ ಪ್ಯೂಜೊ ಮತ್ತು ಪಾನಾರ್–ಲೆವಾಸ್ಸೋರ್ ಕಂಪನಿಗಳಿಗೆ ಹಂಚಿಕೊಟ್ಟರು. ಮರುವರ್ಷ ಪ್ಯಾರಿಸ್‌ನಿಂದ ಬೋರ್ಡೊಗೆ ಹೋಗಿ ಮರಳಿ ಬರುವ, 1,170 ಕಿ.ಮೀ.ಗೂ ಹೆಚ್ಚಿನ ಪಂದ್ಯದಲ್ಲಿ ಎಮಿಲ್ ಲೆವಾಸ್ಸೋರ್ 48 ಗಂಟೆ 48 ನಿಮಿಷಗಳಲ್ಲಿ ಹಿಂದಿರುಗಿದರು. ಅದೇ ಪಂದ್ಯದಲ್ಲಿ ಮಿಶೆಲಿನ್ ಸಹೋದರರು ಗಾಳಿ ತುಂಬಿದ ಟೈರುಗಳ ಗಾಡಿಯನ್ನು ಮೊದಲ ಬಾರಿಗೆ ಓಡಿಸಿ, ದಾರಿಯುದ್ದಕ್ಕೂ ಟ್ಯೂಬು ಬದಲಾಯಿಸುತ್ತಲೇ ಹೋಗಬೇಕಾಯಿತು.

ಗಾಡಿಗಳ ವೇಗ ಬಲುಬೇಗ ಏರಿತು, ರಸ್ತೆಗಳು ಮಾತ್ರ ಹಾಗೆಯೇ ಉಳಿದವು. 1903ರ ಮೇ 24ರಂದು ಆರಂಭವಾದ ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯದ ಹೊತ್ತಿಗೆ ಮುಂಚೂಣಿಯ ಕಾರುಗಳ ಸರಾಸರಿ ವೇಗವೇ ಗಂಟೆಗೆ 100 ಕಿ.ಮೀ. ದಾಟಿತ್ತು. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವರಿಗೆ ತಿರುವು ಕಾಣಿಸದು, ದಾರಿಯ ಅಂಚಿಗೆ ಬಂದು ನಿಂತ ಜನ ಕಾಣಿಸರು. ರೆನೊ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಮಾರ್ಸೆಲ್ ರೆನೊ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡ ಮೇಲೆ ಫ್ರಾನ್ಸಿನ ಸರ್ಕಾರ ಪಂದ್ಯವನ್ನು ಬೋರ್ಡೊದಲ್ಲಿಯೇ ನಿಲ್ಲಿಸಿತು. ಕಾರುಗಳನ್ನು ಕುದುರೆ ಕಟ್ಟಿ ಎಳೆಸಿಕೊಂಡು ರೈಲು ನಿಲ್ದಾಣಕ್ಕೆ ಸಾಗಿಸಿದರು.

ಇಷ್ಟು ಧೂಳು ಎಲ್ಲಿಂದ ಬಂತು ಎಂಬುದನ್ನು ನಿಮ್ಮ ಗೆಳೆಯರಿಗೆ ಬಿಡಿಸಿ ಹೇಳಿ, ಏಕೆಂದರೆ ಅಲ್ಲಿಂದಲೇ ಈ ಕಥೆ ನಮ್ಮ ಹೊಸ್ತಿಲಿಗೆ ಬರುತ್ತದೆ. ಆ ಕಾಲದ ಒಳ್ಳೆಯ ರಸ್ತೆಯೆಂದರೆ ಖಡಿ ಹರವಿ, ಮೇಲೆ ಸಣ್ಣ ಪುಡಿಗಲ್ಲು ಚೆಲ್ಲಿ, ನೀರು ಹೊಡೆದು, ರೋಲರ್ ಹಾಯಿಸಿದ ಮೆಕಾಡಮ್ ರಸ್ತೆ. ಅದರಲ್ಲಿ ದೊಡ್ಡ ಕಲ್ಲುಗಳನ್ನು ಕಚ್ಚಿ ಹಿಡಿದಿರುವುದು ಅವುಗಳ ಸಂದಿಯಲ್ಲಿ ಕೂತ ಕಲ್ಲಿನ ಪುಡಿಯೇ. ಕಬ್ಬಿಣದ ಪಟ್ಟಿಯ ಗಾಡಿಚಕ್ರ ನಿಧಾನವಾಗಿ ಉರುಳುವಾಗ ಒಂದಿಷ್ಟು ಕಲ್ಲನ್ನು ಅರೆದು ಹೊಸ ಪುಡಿಯನ್ನು ಒದಗಿಸುತ್ತಿತ್ತು, ರಸ್ತೆ ತನ್ನಷ್ಟಕ್ಕೆ ತಾನೇ ಬಿಗಿಯಾಗುತ್ತಿತ್ತು. ವೇಗವಾಗಿ ತಿರುಗುವ ರಬ್ಬರ್ ಚಕ್ರ ಇದಕ್ಕೆ ತದ್ವಿರುದ್ಧ ಕೆಲಸ ಮಾಡಿತು: ಹೊಸ ಪುಡಿ ಹುಟ್ಟಿಸದೆ, ಇದ್ದ ಪುಡಿಯನ್ನೂ ಎಬ್ಬಿಸಿ ಗಾಳಿಗೆ ತೂರಿತು, ಕಲ್ಲುಗಳು ಸಡಿಲಾಗಿ ಕಿತ್ತು ಬಂದವು. ಈ ತೊಂದರೆಗೆ ಪರಿಹಾರ ಹುಡುಕುತ್ತ 1902ರಲ್ಲಿ ಮೊನಾಕೊದಲ್ಲಿ ಗೂಲಿಯೆಲ್ಮಿನೆಟ್ಟಿ ಎಂಬ ವೈದ್ಯರು ರಸ್ತೆಯ ಮೇಲೆ ಕಾದ ಡಾಂಬರು ಬಳಿಸಿ ನೋಡಿದರು. 1908ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ರಸ್ತೆ ಸಮ್ಮೇಳನ ಸೇರಿದ್ದೂ ಮೋಟಾರುಗಳ ಕಾಲಕ್ಕೆ ತಕ್ಕ ರಸ್ತೆ ಹೇಗಿರಬೇಕು ಎಂಬ ಇದೇ ಪ್ರಶ್ನೆಯನ್ನು ಹೊತ್ತು. ನಮ್ಮ ದೇಶದಲ್ಲಿ 1927ರಲ್ಲಿ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಸ್ತೆ ಸಮಿತಿ, ಅದರ ಶಿಫಾರಸಿನ ಮೇರೆಗೆ 1929ರಲ್ಲಿ ಬಂದ ಕೇಂದ್ರ ರಸ್ತೆ ನಿಧಿ, 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಇವೆಲ್ಲ ಅದೇ ಪ್ರಶ್ನೆಯ ಮುಂದಿನ ಅಧ್ಯಾಯಗಳು.

ಇನ್ನು ನಿಮ್ಮ ಜಿಲ್ಲೆಯ ನೆಲವನ್ನೇ ನೋಡಿ. ಬೀದರ್ ಸುತ್ತಿನ ಜಂಬಿಟ್ಟಿಗೆಯ ಕೆಂಪು ಮುರುಮು ಹಾಸಿದರೆ ಬೇಗ ಗಟ್ಟಿ ಕೂರುತ್ತದೆ, ಬೇಸಿಗೆಯಲ್ಲಿ ಕೆಂಧೂಳು ಏಳುತ್ತದೆ. ಕಲಬುರಗಿಯ ಕಡೆಗೆ ಇಳಿದರೆ ಎರೆಮಣ್ಣು: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಮೇಲೆ ಹಾಸಿದ ಖಡಿಯನ್ನು ವರ್ಷವರ್ಷವೂ ಒಳಗೆ ಎಳೆದುಕೊಳ್ಳುತ್ತದೆ. ಒಂದೇ ಪ್ರಯಾಣದಲ್ಲಿ ಎರಡು ಬಗೆಯ ನೆಲವನ್ನು ದಾಟಬೇಕಾದ ದಾರಿಯನ್ನು ಮೋಟಾರು ಓಡಾಡುವಂತೆ ಕಟ್ಟಿದವರ ಅನುಭವ ಪ್ಯಾರಿಸ್‌ನ ಸಮ್ಮೇಳನದಲ್ಲಿ ಚರ್ಚೆಯಾದ ವಿಷಯಕ್ಕಿಂತ ಕಡಿಮೆ ತೂಕದ್ದಲ್ಲ. ನೀವು ಕೂಡಿಸುತ್ತಿರುವುದು ಆ ಅನುಭವದ ದಾಖಲೆ ಎಂದು ಧೈರ್ಯವಾಗಿ ಹೇಳಿ.

ಪ್ರಶ್ನೆ: ಪಂದ್ಯ ಮುಗಿದು ನೂರು ವರ್ಷವಾದ ಮೇಲೆ ಉಳಿಸಲು ಏನಿರುತ್ತದೆ? ಬೇರೆ ದೇಶದ ಆಸಕ್ತರು ನಿಜವಾಗಿ ಮಾಡುವ ಕೆಲಸವಾದರೂ ಏನು?
— ಇತಿಹಾಸ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಅಮೆರಿಕದ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ 1904ರ ಅಕ್ಟೋಬರ್‌ನಲ್ಲಿ ವಿಲಿಯಂ ಕೆ. ವಾಂಡರ್‌ಬಿಲ್ಟ್ ಎಂಬ ಶ್ರೀಮಂತರು ತಮ್ಮ ಹೆಸರಿನ ಬಹುಮಾನದ ಕಪ್ಪಿಗಾಗಿ ಪಂದ್ಯ ಆರಂಭಿಸಿದರು. ಓಡಿದ್ದು ಹಳ್ಳಿಗರ ದಾರಿಗಳಲ್ಲಿಯೇ. ಧೂಳು ಅಡಗಲೆಂದು ದಾರಿಗೆ ಎಣ್ಣೆ ಸುರಿದಿದ್ದರು. 1906ರ ಪಂದ್ಯದಲ್ಲಿ ಪ್ರೇಕ್ಷಕರೊಬ್ಬರು ಸತ್ತ ಮೇಲೆ, ಮೋಟಾರುಗಳಿಗೆಂದೇ ಬೇರೆ ರಸ್ತೆ ಬೇಕೆಂದು ವಾಂಡರ್‌ಬಿಲ್ಟ್ ಲಾಂಗ್ ಐಲ್ಯಾಂಡ್ ಮೋಟರ್ ಪಾರ್ಕ್‌ವೇ ಎಂಬ ಕಾಂಕ್ರೀಟ್ ರಸ್ತೆಯನ್ನು ಸ್ವಂತ ಕಂಪನಿಯ ಮೂಲಕ ಕಟ್ಟಿಸಿದರು. 1908ರಲ್ಲಿ ಅದರ ಮೊದಲ ಭಾಗ ತೆರೆಯಿತು. ಅಡ್ಡ ಬರುವ ದಾರಿಗಳನ್ನು ಸೇತುವೆಗಳ ಮೂಲಕ ದಾಟುವ, ತಿರುವುಗಳಲ್ಲಿ ಒಂದು ಬದಿ ಎತ್ತರಿಸಿದ, ಸುಂಕ ಕೊಟ್ಟು ಒಳಹೋಗುವ ರಸ್ತೆ ಅದು. ಇಂದಿನ ನಮ್ಮ ಎಕ್ಸ್‌ಪ್ರೆಸ್‌ವೇಗಳ ಬಹಳಷ್ಟು ಲಕ್ಷಣಗಳು ಅಲ್ಲಿಯೇ ಇದ್ದವು. ಅದೇ ವರ್ಷದ ಪಂದ್ಯವನ್ನು ಜಾರ್ಜ್ ರಾಬರ್ಟ್‌ಸನ್ ಲೋಕೊಮೊಬೈಲ್ ಕಾರಿನಲ್ಲಿ ಗೆದ್ದರು, ಆ ಕಪ್ಪನ್ನು ಅಮೆರಿಕದ ಕಾರೊಂದು ಗೆದ್ದದ್ದು ಅದೇ ಮೊದಲು. 1910ರ ಸಾವುನೋವಿನ ಬಳಿಕ ಅಲ್ಲಿ ಪಂದ್ಯ ನಿಂತಿತು. 1938ರಲ್ಲಿ ಪಾರ್ಕ್‌ವೇ ಕೂಡ ಮುಚ್ಚಿತು.

ಅಲ್ಲಿಂದ ಮುಂದಿನದು ಆಸಕ್ತರ ಕೆಲಸ. ಮನೆಗಳ ಹಿತ್ತಲಲ್ಲಿ, ವಿದ್ಯುತ್ ತಂತಿಯ ಕಂಬಗಳ ಸಾಲಿನ ಕೆಳಗೆ, ಪೊದೆಗಳ ನಡುವೆ ಉಳಿದ ಕಾಂಕ್ರೀಟು ತುಂಡುಗಳನ್ನೂ ಅಂಚಿನ ಗೂಟಗಳನ್ನೂ ಹಳೆಯ ನಕಾಶೆಗೆ ಹೋಲಿಸಿ ಗುರುತಿಸುವುದು. ಪಂದ್ಯದ ಹಳೆಯ ಫೋಟೊ ಹಿಡಿದು ಅದೇ ಜಾಗದಲ್ಲಿ, ಅದೇ ಕೋನದಲ್ಲಿ ನಿಂತು ಇಂದಿನ ಫೋಟೊ ತೆಗೆಯುವುದು. ಸೇತುವೆ ಕೆಡವುವ ಯೋಜನೆ ಬಂದರೆ ಮೊದಲೇ ದಾಖಲೆ ಮಾಡಿಟ್ಟುಕೊಳ್ಳುವುದು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಆ ರಸ್ತೆಯ ಒಂದು ತುಣುಕು ಇಂದು ಸೈಕಲ್ ಮತ್ತು ಕಾಲುದಾರಿಯಾಗಿ ಬಳಕೆಯಲ್ಲಿದೆ. ಗಾರ್ಡನ್ ಸಿಟಿ ಎಂಬಲ್ಲಿ ಹಳೆಯ ಸುಂಕದ ಮನೆಯನ್ನು ಬೇರೆ ಜಾಗಕ್ಕೆ ಸಾಗಿಸಿ ಅಲ್ಲಿನ ವರ್ತಕರ ಸಂಘದ ಕಚೇರಿಯನ್ನಾಗಿ ಮಾಡಿಕೊಂಡಿದ್ದಾರೆ.

ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನದೂ ಹೇಳಬೇಕಾದ ಕಥೆ. ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿ ಇದ್ದುದರಿಂದ ಅಲ್ಲಿನ ಕಾರು ತಯಾರಕರಿಗೆ ವೇಗ ಪರೀಕ್ಷಿಸಲು ಜಾಗವೇ ಇರಲಿಲ್ಲ. ಹ್ಯೂ ಲಾಕ್ ಕಿಂಗ್ ಎಂಬವರು ತಮ್ಮ ಜಮೀನಿನಲ್ಲಿ 2.75 ಮೈಲಿ ಸುತ್ತಳತೆಯ ಕಾಂಕ್ರೀಟ್ ಪಥವನ್ನು ಕಟ್ಟಿಸಿ 1907ರಲ್ಲಿ ತೆರೆದರು. ಪಂದ್ಯಕ್ಕೆಂದೇ ಕಟ್ಟಿದ ಜಗತ್ತಿನ ಮೊದಲ ಮೋಟಾರು ಪಥ ಅದು. ಎರಡನೆಯ ಮಹಾಯುದ್ಧ ಬಂದಾಗ ಪಂದ್ಯ ನಿಂತಿತು, ಜಾಗ ವಿಮಾನ ಕಾರ್ಖಾನೆಗೆ ಹೋಯಿತು. ಉಳಿದ ಓರೆಗೋಡೆಯಂಥ ತಿರುವಿನ ಒಂದು ಭಾಗ ಇಂದು ಸಂಗ್ರಹಾಲಯದೊಳಗಿದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1909ರಲ್ಲಿ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದ್ದ ಪಥದ ಮೇಲೆ ಈಗ ಡಾಂಬರಿದೆ, ಆದರೆ ಗುರಿಗೆರೆಯಲ್ಲಿ ಒಂದು ಗಜ ಅಗಲದ ಇಟ್ಟಿಗೆ ಸಾಲನ್ನು ಹಾಗೆಯೇ ಬಿಟ್ಟುಕೊಂಡಿದ್ದಾರೆ.

ಇವನ್ನೆಲ್ಲ ನೋಡಿದಾಗ ನನಗೆ ಮನವರಿಕೆಯಾದದ್ದು ಇಷ್ಟು: ಕಾರನ್ನು ಕೊಂಡು ಗಾಜಿನ ಕೋಣೆಯಲ್ಲಿಡುವುದು ಹಣವಿದ್ದವರ ಕೆಲಸ, ಆದರೆ ಒಂದು ಘಟನೆಯನ್ನು ಅದು ನಡೆದ ಜಾಗಕ್ಕೆ ಸೇರಿಸಿ ಗುರುತು ಮಾಡುವುದು ಆ ಊರಿನಲ್ಲಿ ಹುಟ್ಟಿ ಬೆಳೆದವರಿಂದ ಮಾತ್ರ ಆಗುವ ಕೆಲಸ. ನೀವು ಓದುತ್ತಿರುವ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದಿಲ್ಲ. ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾದಂಥ ಹೆಸರು ಹೊತ್ತ ಒಂದು ನಿಲುಗಡೆಯನ್ನು ಆಯ್ದುಕೊಂಡು, ಅಲ್ಲಿನ ಹಳೆಯ ದಾರಿ ಈಗಿನ ರಾಷ್ಟ್ರೀಯ ಹೆದ್ದಾರಿ 65ರಿಂದ ಎಲ್ಲಿ ಬೇರೆಯಾಗುತ್ತದೆ, ಎಲ್ಲಿ ಮತ್ತೆ ಕೂಡುತ್ತದೆ ಎಂಬುದನ್ನು ಕಾಲ್ನಡಿಗೆಯಲ್ಲಿ ನೋಡಿ ನಕಾಶೆ ಬರೆಯಿರಿ.

ಪ್ರಶ್ನೆ: ಪೆಟ್ರೋಲ್ ಬಂಕುಗಳೇ ಇಲ್ಲದ ಕಾಲದಲ್ಲಿ ಮೋಟಾರಿನವರು ಪೆಟ್ರೋಲನ್ನು ಎಲ್ಲಿಂದ ತರುತ್ತಿದ್ದರು?
— ಓದುಗರು, ಆಳಂದ

ಉತ್ತರ: ಡಬ್ಬಿಗಳಲ್ಲಿ. ಎರಡು ಗ್ಯಾಲನ್ ಹಿಡಿಸುವ ತಗಡಿನ ಮೊಹರು ಡಬ್ಬಿಗಳು ಆಗಿನ ರೂಢಿ. ಮುಂಬೈ–ಮದ್ರಾಸ್ ರೈಲು ಮಾರ್ಗ 1871ರಲ್ಲಿಯೇ ಪೂರ್ಣವಾಗಿ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿಗಳ ಮೇಲೆ ಹಾಯ್ದಿದ್ದರಿಂದ ಇಂಥ ಸರಕು ಬರಲು ನಮ್ಮ ಭಾಗದಲ್ಲಿ ದಾರಿ ಸಿದ್ಧವಿತ್ತು. ಹಳೆಯ ಕಿರಾಣಿ ಅಂಗಡಿಗಳ ಅಟ್ಟದಲ್ಲಿ ಕಂಪನಿಯ ಹೆಸರು ಒತ್ತಿದ ಡಬ್ಬಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಹಿತ್ತಾಳೆಯ ಮುಚ್ಚಳ ಇದ್ದರೆ ಅದರ ಮೇಲಿನ ಅಕ್ಷರಗಳನ್ನೂ ಬರೆದುಕೊಳ್ಳಿ.

ಪ್ರಶ್ನೆ: ನಮ್ಮ ಮುತ್ಯಾನ ಪೆಟ್ಟಿಗೆಯಲ್ಲಿ ಒಂದು ಉರ್ದು ಪಾವತಿ ಸಿಕ್ಕಿದೆ. ಮೋಟಾರು ರಿಪೇರಿಯದೆಂದು ಓದಿದವರು ಹೇಳಿದರು. ತಾರೀಖಿನ ಜಾಗದಲ್ಲಿ ‘ಖುರ್ದಾದ್ 1345’ ಎಂದಿದೆ, ಮೊತ್ತದ ಮುಂದೆ ‘ಹಾಲಿ’ ಎಂದಿದೆ. ಇದು ಯಾವ ವರ್ಷದ್ದು? ಇದರ ಜೊತೆ ಒಂದು ಕಾರಿನ ಫೋಟೊ ಕೂಡ ಇದೆ. ಎರಡನ್ನೂ ಲ್ಯಾಮಿನೇಶನ್ ಮಾಡಿಸಬಹುದೇ?
— ಓದುಗರು, ಚಿತ್ತಾಪುರ

ಉತ್ತರ: ಲ್ಯಾಮಿನೇಶನ್ ಖಂಡಿತ ಬೇಡ. ಬಿಸಿಗೆ ಕಾಗದ ಹಾಳಾಗುತ್ತದೆ, ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪನ್ನೂ ಹಚ್ಚಬೇಡಿ. 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಮೂಲವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಚಪ್ಪಟೆಯಾಗಿ ಇಡಿ.

ನಿಜಾಮ ರಾಜ್ಯದ ಕಚೇರಿ, ಅಂಗಡಿ ಎಲ್ಲ ಕಡೆ ಫಸಲಿ ವರ್ಷ, ಅಂದರೆ ಬೆಳೆ–ಕಂದಾಯದ ಲೆಕ್ಕದ ವರ್ಷ ನಡೆಯುತ್ತಿತ್ತು. ಅದು ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರುವಾಗುತ್ತದೆ. ಅನಂತರ ದೈ, ಬಹಮನ್, ಇಸ್ಫಂದಾರ್, ಫರವರ್ದಿ, ಆರ್ದಿಬೆಹೆಶ್ತ್, ಖುರ್ದಾದ್ ಹೀಗೆ ತಿಂಗಳುಗಳು ಸಾಗುತ್ತವೆ. ಇಂಗ್ಲಿಷ್ ವರ್ಷ ತಿಳಿಯಲು, ಮೊದಲ ಮೂರು ತಿಂಗಳ ಕಾಗದವಾದರೆ ಫಸಲಿ ವರ್ಷಕ್ಕೆ 590 ಕೂಡಿಸಬೇಕು, ಅಲ್ಲಿಂದ ಮುಂದಿನದಾದರೆ 591. ಖುರ್ದಾದ್ ಏಳನೆಯ ತಿಂಗಳು. ಆದ್ದರಿಂದ ನಿಮ್ಮ ಪಾವತಿ 1936ರ ಏಪ್ರಿಲ್ ಸುಮಾರಿನದು. ಓದಿದವರು ಅಂಕಿಯನ್ನು ಸರಿಯಾಗಿ ಓದಿದ್ದಾರೆಯೇ ಎಂದು ಇನ್ನೊಮ್ಮೆ ನೋಡಿಸಿ. ಉರ್ದು ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ ಇರುತ್ತವೆ. ಸೊನ್ನೆ ಎಂದರೆ ಒಂದು ಚುಕ್ಕೆ ಮಾತ್ರ, ದುಂಡಗೆ ಕಾಣುವುದು ಐದು. ಬಾಯಿ ಮೇಲಕ್ಕೆ ತೆರೆದದ್ದು ಏಳು, ಅದನ್ನೇ ಬೋರಲು ಹಾಕಿದಂತಿರುವುದು ಎಂಟು. ಕೈಬರಹದ ಐದನ್ನು ಸೊನ್ನೆಯೆಂದು ಓದಿ ವರ್ಷ ತಪ್ಪಾಗುವುದು ಬಹಳ. ‘ಹಾಲಿ’ ಎಂದರೆ ಹೈದರಾಬಾದ್ ರಾಜ್ಯದ ಸ್ವಂತ ನಾಣ್ಯ, ಹಾಲಿ ಸಿಕ್ಕಾ; ಏಳು ಹಾಲಿ ರೂಪಾಯಿಗೆ ಸುಮಾರು ಆರು ಬ್ರಿಟಿಷ್ ಕಲದಾರ್ ರೂಪಾಯಿ ಸಮ. ಹೀಗಾಗಿ ಬೆಲೆಯನ್ನು ಸೊಲ್ಲಾಪುರದ ಅದೇ ಕಾಲದ ಪಾವತಿಗೆ ಹೋಲಿಸುವಾಗ ಲೆಕ್ಕ ಬದಲಿಸಿಕೊಳ್ಳಿ.

ಫೋಟೊವನ್ನು ನಾನು ನೋಡಿಲ್ಲವಾದ್ದರಿಂದ ಏನೇನು ಗಮನಿಸಬೇಕೆಂದು ಮಾತ್ರ ಹೇಳುತ್ತೇನೆ. ದೀಪಗಳ ಪಕ್ಕ ಅಥವಾ ಮೆಟ್ಟಿಲಿನ ಮೇಲೆ ಕೊಳವೆ ಜೋಡಿಸಿದ ಸಣ್ಣ ಡಬ್ಬಿ ಇದೆಯೇ? ಅದು ಕಾರ್ಬೈಡ್ ದೀಪದ ಗ್ಯಾಸ್ ಪಾತ್ರೆ. ಕಾರ್ಬೈಡ್ ಹರಳಿನ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅಸಿಟಿಲಿನ್ ಅನಿಲದಿಂದ ಆ ದೀಪ ಉರಿಯುತ್ತಿತ್ತು. ಅಂಥ ಕಾರು ಮೊದಲ ಮಹಾಯುದ್ಧಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ಹೆಚ್ಚು. ಚಕ್ರದ ಕಡ್ಡಿಗಳು ಮರದವೋ ತಂತಿಯವೋ, ಮುಂದಿನ ಚಕ್ರಕ್ಕೆ ಬ್ರೇಕು ಇದೆಯೋ ಇಲ್ಲವೋ, ನಂಬರ್ ಪ್ಲೇಟಿನ ಅಕ್ಷರಗಳೇನು, ಇವನ್ನು ಭೂತಗನ್ನಡಿ ಹಿಡಿದು ನೋಡಿ ಬರೆದುಕೊಳ್ಳಿ. ಕಾರಿನ ಹಿಂದೆ ಕಾಣುವ ಕಟ್ಟಡವನ್ನು ಕಾರಿಗಿಂತ ಮೊದಲು ಗುರುತಿಸಲು ಪ್ರಯತ್ನಿಸಿ, ಜಾಗ ಸಿಕ್ಕರೆ ಉಳಿದದ್ದು ಸಿಗುತ್ತದೆ.

ಪ್ರಶ್ನೆ: ನಮ್ಮೂರ ಹೊರಗಿನ ರಸ್ತೆ ಅಗಲ ಮಾಡುವ ಕೆಲಸ ಬಂದಿದೆ. ಅಂಚಿನಲ್ಲಿ ಅಂಕಿ ಕೆತ್ತಿದ ಹಳೆಯ ಮೈಲುಗಲ್ಲೊಂದು ವಾಲಿ ನಿಂತಿದೆ. ಅದನ್ನು ಕಿತ್ತು ತಂದು ಶಾಲೆಯ ಅಂಗಳದಲ್ಲಿ ನೆಟ್ಟು ಬಣ್ಣ ಬಳಿಯಬೇಕೆಂದಿದ್ದೇವೆ. ಇದು ಸರಿಯೇ?
— ಯುವಕ ಸಂಘದ ಸದಸ್ಯರು, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಕಾಳಜಿ ದೊಡ್ಡದು, ಆದರೆ ಅವಸರ ಮಾಡಬೇಡಿ. ಮೈಲುಗಲ್ಲಿನ ಅರ್ಥವೆಲ್ಲ ಅದು ನಿಂತ ಜಾಗದಲ್ಲಿದೆ. ಕಿತ್ತು ತಂದ ಕೂಡಲೇ ಅದು ಅಂಕಿ ಬರೆದ ಒಂದು ಬರಿ ಕಲ್ಲಾಗುತ್ತದೆ. ಕಲ್ಲು ಸರ್ಕಾರದ ಸ್ವತ್ತು ಕೂಡ ಹೌದು, ಕೇಳದೆ ಕೀಳುವಂತಿಲ್ಲ. ಮೊದಲು ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ಗುರುತಿಸಿಕೊಳ್ಳಿ. ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಬೆಳಿಗ್ಗೆ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ಸವೆದ ಅಕ್ಷರಗಳೂ ನೆರಳು ಬಿದ್ದು ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ತೆಗೆದ ಫೋಟೊದಲ್ಲಿ ಏನೂ ಕಾಣಿಸುವುದಿಲ್ಲ. ಅಕ್ಷರ ಸ್ಪಷ್ಟವಾಗಲೆಂದು ಸುಣ್ಣ, ಕುಂಕುಮ, ಚಾಕಿನ ಪುಡಿ ಯಾವುದನ್ನೂ ತಿಕ್ಕಬೇಡಿ. ಶಹಾಬಾದ್ ಕಲ್ಲಿನಂಥ ಸುಣ್ಣಕಲ್ಲಾಗಿದ್ದರೆ ಆಸಿಡ್ಡಿನಿಂದಲಂತೂ ತೊಳೆಯಲೇಬೇಡಿ, ಕೆತ್ತನೆಯೇ ಕರಗಿಹೋಗುತ್ತದೆ.

ಕಲ್ಲಿನ ಮೇಲಿನ ಅಂಕಿಯನ್ನು 1.609ರಿಂದ ಗುಣಿಸಿ ಕಿಲೋಮೀಟರು ಮಾಡಿ, ಅಷ್ಟು ದೂರವನ್ನು ಹಳೆಯ ದಾರಿಯ ಮೇಲೆಯೇ ಅಳೆದು ನೋಡಿ. ಎಲ್ಲಿಂದ ಎಣಿಕೆ ಶುರುವಾಗಿತ್ತೆಂದು ಗೊತ್ತಾಗುತ್ತದೆ. ಇಂದಿನ ಹೆದ್ದಾರಿಯ ದೂರಕ್ಕೆ ಅದು ತಾಳೆಯಾಗದಿದ್ದರೆ ಬೇಸರ ಬೇಡ, ದಾರಿ ಎಲ್ಲೋ ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ, ಆ ಜಾಗವನ್ನೇ ಹುಡುಕಬೇಕು. ಇದೆಲ್ಲ ಮುಗಿದ ಮೇಲೆ ಫೋಟೊಗಳ ಸಮೇತ ರಸ್ತೆ ಯಾರ ಸುಪರ್ದಿನಲ್ಲಿದೆಯೋ ಆ ಇಲಾಖೆಯ ಕಾರ್ಯನಿರ್ವಾಹಕ ಎಂಜಿನಿಯರರಿಗೆ ಅರ್ಜಿ ಬರೆದು, ಹೊಸ ರಸ್ತೆಯ ಅಂಚಿಗೆ, ಅದೇ ನೇರಕ್ಕೆ ಕೆಲವೇ ಅಡಿ ಸರಿಸಿ ನೆಡಲು ಕೋರಿರಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯೊಂದು ನಿಮ್ಮ ಹತ್ತಿರ ಇರಲಿ, ಗ್ರಾಮ ಪಂಚಾಯಿತಿಗೂ ಒಂದು ಕೊಡಿ. ಗುತ್ತಿಗೆದಾರರ ಜೆಸಿಬಿ ನಡೆಸುವವರ ಜೊತೆಗೂ ಒಂದು ಮಾತು ಆಡಿ; ಕಲ್ಲಿಗೆ ಬಟ್ಟೆ ಕಟ್ಟಿ ಗುರುತು ಮಾಡಿಟ್ಟರೆ ಅವರು ಬಳಸಿಕೊಂಡು ಹೋಗುತ್ತಾರೆ.

ಪ್ರಶ್ನೆ: ಮನೆಯ ಹಿಂದೆ ಅಜ್ಜನ ಕಾಲದ ವಿಲ್ಲಿಸ್ ಜೀಪು ನಿಂತಿದೆ. ಐವತ್ತು ವರ್ಷ ದಾಟಿದ ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸಲು ಕಾನೂನು ಬಿಡುತ್ತದೆಯೇ?
— ಓದುಗರು, ಬೀದರ್

ಉತ್ತರ: ಬಿಡುತ್ತದೆ, ಷರತ್ತುಗಳ ಮೇಲೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿ ಇಟ್ಟುಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಮರುನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದು ಬರುತ್ತದೆ. ಹಳೆಯ ನಂಬರು ಚಾಲ್ತಿಯಲ್ಲಿರುವ ಗಾಡಿ ಅದನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿದ್ದರೆ ಗಾಡಿ ಈ ವರ್ಗಕ್ಕೆ ಸೇರುವುದಿಲ್ಲ. ಆದ್ದರಿಂದ ‘ಡೀಸೆಲ್ ಎಂಜಿನ್ ಕೂರಿಸಿ ಓಡಿಸಿಬಿಡೋಣ’ ಎಂಬ ಮಾತಿಗೆ ಮೊದಲೇ ಒಪ್ಪಬೇಡಿ. ಚಾಸಿ ನಂಬರ್ ಇರುವ ತಗಡಿನ ಮೇಲೆ ಉಜ್ಜುಕಾಗದ ತಾಗಿಸದೆ, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೆತ್ತಗೆ ಒರೆಸಿ ಓದಿ.

ಪ್ರಶ್ನೆ: ಲಂಡನ್ನಿನಿಂದ ಹೊರಟ ರೇಸಿನ ಕಾರುಗಳು 1968ರಲ್ಲಿ ನಮ್ಮ ಹೆದ್ದಾರಿಯ ಮೇಲೆ ಹಾಯ್ದು ಹೋದವು ಎಂದು ನಮ್ಮ ಸೋದರಮಾವ ಹೇಳುತ್ತಾರೆ. ಇದನ್ನು ನಮ್ಮ ಸಂಗ್ರಹದಲ್ಲಿ ಬರೆಯಬಹುದೇ?
— ಓದುಗರು, ಬಸವಕಲ್ಯಾಣ

ಉತ್ತರ: ಮಾವನವರ ಮಾತನ್ನು ಅವರ ಮಾತಾಗಿಯೇ ಬರೆದಿಡಿ, ಪಂದ್ಯದ ಮಾರ್ಗವೆಂದು ಬರೆಯಬೇಡಿ. 1968ರ ನವೆಂಬರ್ 24ರಂದು ಹೊರಟ ಲಂಡನ್–ಸಿಡ್ನಿ ಮ್ಯಾರಥಾನ್ ಭಾರತಕ್ಕೆ ಬಂದದ್ದು ನಿಜ. ಆದರೆ ಅದು ಕಾಬೂಲ್ ದಾಟಿ ದೆಹಲಿಗೆ, ಅಲ್ಲಿಂದ ಮುಂಬೈಗೆ ಬಂದು, ‘ಚೂಸಾನ್’ ಎಂಬ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಯಿತು. ದೆಹಲಿ–ಮುಂಬೈ ದಾರಿಯಲ್ಲಿ ಬೀದರ್ ಜಿಲ್ಲೆ ಬರುವುದಿಲ್ಲ. ಗೆದ್ದವರು ಹಿಲ್‌ಮನ್ ಹಂಟರ್ ಓಡಿಸಿದ ಆಂಡ್ರೂ ಕೊವನ್.

ಹಾಗೆಂದು ಅವರು ಏನನ್ನೂ ನೋಡಲಿಲ್ಲವೆಂದು ತೀರ್ಮಾನಿಸಬೇಕಿಲ್ಲ. ಎದುರು ಕೂತು ಸಮಾಧಾನವಾಗಿ ಕೇಳಿ: ಆಗ ಅವರು ಯಾವ ತರಗತಿ, ಹೊಲದಲ್ಲಿ ಯಾವ ಬೆಳೆ ನಿಂತಿತ್ತು, ಕಾರುಗಳು ಯಾವ ದಿಕ್ಕಿನಿಂದ ಬಂದವು, ಬಾಗಿಲಿನ ಮೇಲೆ ಅಂಕಿ ಇತ್ತೇ, ಜೊತೆಗೆ ನಿಂತು ನೋಡಿದವರು ಯಾರು. ವರ್ಷ ಕೇಳಿದರೆ ಎಲ್ಲರೂ ಅಂದಾಜು ಹೇಳುತ್ತಾರೆ. ಬೆಳೆ, ಜಾತ್ರೆ, ಮನೆಯ ಮದುವೆ ಕೇಳಿದರೆ ನೆನಪು ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಅವರೊಂದಿಗೆ ನೋಡಿದ ಇನ್ನೊಬ್ಬರನ್ನು ಬೇರೆಯಾಗಿ, ಮಾವನವರು ಹೇಳಿದ್ದನ್ನು ತಿಳಿಸದೆ ಕೇಳಿ. ನಮ್ಮ ಊರಿಗೂ ಒಂದು ರೇಸು ಇರಲಿ ಎಂಬ ಆಸೆ ನನಗೂ ಅರ್ಥವಾಗುತ್ತದೆ, ಆದರೆ ಆಧಾರವಿಲ್ಲದ ಒಂದು ಸಾಲು ಸೇರಿದರೆ ಆಧಾರವಿರುವ ನೂರು ಸಾಲುಗಳನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಪ್ರಶ್ನೆ: ನಮ್ಮ ತಂದೆ ನಿಜಾಮರ ಕಾಲದ ಸರ್ವಿಸ್ ಮೋಟಾರಿನ ಡ್ರೈವರ್ ಆಗಿದ್ದರು. ಅವರ ಹಿತ್ತಾಳೆ ಬಿಲ್ಲೆ, ಖಾಕಿ ಕೋಟು ಮನೆಯಲ್ಲಿವೆ. ರೇಸಿನವರ ಕಥೆಗಳ ನಡುವೆ ಇಂಥ ವಸ್ತುಗಳಿಗೆ ಬೆಲೆ ಇದೆಯೇ? ನನಗೀಗ ವಯಸ್ಸಾಗಿದೆ, ಇವನ್ನು ಯಾರಿಗೆ ಒಪ್ಪಿಸಲಿ?
— ಹಿರಿಯ ಓದುಗರು, ಸುರಪುರ

ಉತ್ತರ: ಅಮ್ಮಾ, ಈ ಬಾರಿ ಬಂದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ನಿಮ್ಮದು. ನಿಜಾಮ ರಾಜ್ಯದ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ 1932ರಲ್ಲಿ ಶುರುವಾದಾಗ ಅದರ ಬಳಿ ಇದ್ದದ್ದು 27 ಬಸ್ಸುಗಳು, 166 ನೌಕರರು. ಆಗಿನ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಇಂದಿಗೂ ಉಳಿಸಿದ್ದಾರೆ. ಆರನೆಯ ನಿಜಾಮರು ತರಿಸಲು ಹೇಳಿದ್ದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಚೌಮಹಲ್ಲಾ ಅರಮನೆಯಲ್ಲಿದೆ, ಅದನ್ನು ನೋಡಲು ಸಾವಿರಾರು ಜನ ಹೋಗುತ್ತಾರೆ. ಆ ಕಾರು ತನ್ನ ಜೀವಮಾನದಲ್ಲಿ ಓಡಿದ್ದು ಬಹಳ ಕಡಿಮೆ. ನಿಮ್ಮ ತಂದೆಯವರು ಮಳೆಗಾಲದ ಎರೆಮಣ್ಣಿನಲ್ಲಿ ಓಡಿಸಿದ ಮೋಟಾರು ಈ ನಾಡಿನ ಜನರನ್ನು ಆಸ್ಪತ್ರೆಗೆ, ಕೋರ್ಟಿಗೆ, ಬೀಗರ ಮನೆಗೆ ಮುಟ್ಟಿಸಿತು. ಅವರ ಬಿಲ್ಲೆ ನಮ್ಮ ರಸ್ತೆ ಇತಿಹಾಸದ ಮೂಲ ದಾಖಲೆ.

ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಬೇಡಿ, ಒತ್ತಿದ ನಂಬರು ಸವೆಯುತ್ತದೆ. ಆ ನಂಬರೇ ಮುಖ್ಯ. ನಿಜಾಮ ಕಾಲದ ಸರ್ಕಾರಿ ಕಡತಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ, ಸಾರಿಗೆ ಇಲಾಖೆಯ ಕಡತಗಳನ್ನು ಹುಡುಕುವವರಿಗೆ ಈ ನಂಬರು ಕೈಗೆ ಸಿಕ್ಕ ಮೊದಲ ಎಳೆಯಾಗುತ್ತದೆ. ಕೋಟನ್ನು ಒಗೆಸದೆ, ಮಡಿಕೆಗಳ ನಡುವೆ ಹಳೆಯ ಬಿಳಿ ಹತ್ತಿಬಟ್ಟೆ ಇಟ್ಟು, ಪ್ಲಾಸ್ಟಿಕ್ ಚೀಲದ ಬದಲು ಬಟ್ಟೆಯ ಗಂಟಿನಲ್ಲಿ ಇಡಿ. ಈ ಭಾಗದ ಸಾರಿಗೆ 1956ರ ನಂತರ ಮೈಸೂರು ರಾಜ್ಯದ ಕೈಗೆ, 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೆ, 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡ ಈಶಾನ್ಯ ಸಾರಿಗೆ ನಿಗಮಕ್ಕೆ ಬಂತು; ಅದೇ ಈಗಿನ ಕಲ್ಯಾಣ ಕರ್ನಾಟಕ ಸಾರಿಗೆ. ನಿಮ್ಮ ತಂದೆಯವರು ಯಾವ ವರ್ಷದವರೆಗೆ ದುಡಿದರು, ಪಿಂಚಣಿ ಕಾಗದ ಯಾವ ಇಲಾಖೆಯ ಹೆಸರಿನಲ್ಲಿ ಬರುತ್ತಿತ್ತು ಎಂಬುದನ್ನು ನೆನಪಿಸಿಕೊಂಡು ಬರೆಸಿಡಿ.

ಒಪ್ಪಿಸುವ ವಿಷಯಕ್ಕೆ ಬಂದರೆ, ಬಾಯಿಮಾತಿನಲ್ಲಿ ಯಾರಿಗೂ ಕೊಡಬೇಡಿ. ಸಂಗ್ರಹಾಲಯಕ್ಕಾಗಲಿ, ಕಾಲೇಜಿನ ಇತಿಹಾಸ ವಿಭಾಗಕ್ಕಾಗಲಿ, ಹುಮನಾಬಾದಿನ ಗೆಳೆಯರ ಗುಂಪಿನಂಥವರಿಗಾಗಲಿ ಕೊಡುವಾಗ ವಸ್ತುಗಳ ಪಟ್ಟಿ, ಅವು ಯಾರವು, ಯಾವ ಷರತ್ತಿನ ಮೇಲೆ ಕೊಟ್ಟಿದ್ದು ಎಂಬುದನ್ನು ಬರೆದು ಎರಡೂ ಕಡೆಯವರು ಸಹಿ ಮಾಡಿದ ಪ್ರತಿಯನ್ನು ಮನೆಯಲ್ಲಿಡಿ. ಕೊಡುವ ಮೊದಲು ಮೊಮ್ಮಕ್ಕಳಿಗೆ ಹೇಳಿ ನಿಮ್ಮ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ: ತಂದೆಯವರು ಎಷ್ಟು ಹೊತ್ತಿಗೆ ಮನೆ ಬಿಡುತ್ತಿದ್ದರು, ಯಾವ ಹಳ್ಳ ಬಂದಾಗ ಮೋಟಾರು ನಿಲ್ಲಿಸಿ ನೀರು ಇಳಿಯುವವರೆಗೆ ಕಾಯುತ್ತಿದ್ದರು, ಯಾವ ಊರಿನಲ್ಲಿ ರಾತ್ರಿ ಮಲಗುತ್ತಿದ್ದರು. ರೆಕಾರ್ಡಿನ ಆರಂಭದಲ್ಲಿ ನಿಮ್ಮ ಹೆಸರು, ಊರು, ಆ ದಿನದ ತಾರೀಖನ್ನು ನೀವೇ ಹೇಳಿ, ಅದರ ಒಂದು ಪ್ರತಿಯನ್ನು ಬಿಲ್ಲೆ, ಕೋಟಿನ ಜೊತೆಗೇ ಒಪ್ಪಿಸಿ.